ತಪ್ಪಿದ ಎಳೆ

ಸೀರೆ ನೇಯುತ್ತಿದ್ದ ಶಿವಬಸವ್ವ ತೀರಿಕೊಂಡು ತಿಂಗಳಾಗಿತ್ತು. ಇಳಕಲ್ಲಿನ ಅವರ ಮನೆಯ ಪಡಸಾಲೆಯಲ್ಲಿ, ಹಾಡಹಗಲೇ, ಅವರ ನಕ್ಷೆಗಳನ್ನು ಜೋಪಾನ ಮಾಡಿಡಲು ಬಂದು, ಒಂದು ಸೀರೆ ಸೆರಗಿನ ನಕ್ಷೆಯಿದ್ದ ಎಕ್ಸೆಲ್ ಶೀಟನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು ಕುಳಿತಿದ್ದೆ. ಒಂದು ಸಾಲೆಂದರೆ ಒಂದು ಎಳೆ. ಕೆಂಪಿಗೆ ಒಂದು, ಬಿಳಿಗೆ ಸೊನ್ನೆ.

ಮುನ್ನೂರಾ ಹನ್ನೊಂದನೆಯ ಸಾಲಿನಲ್ಲಿ ಒಂದರ ಜಾಗದಲ್ಲಿ ಸೊನ್ನೆಯಿತ್ತು. ತಿದ್ದಿ ಸೇವ್ ಮಾಡಿದೆ. ಒಳಗೆ ಮಗ್ಗದ ಕೋಣೆಯಲ್ಲಿ ಟಕ್ ಎಂದಿತು. ನೋಡಿದರೆ ತಪ್ಪು ಮುಂದಿನ ಸಾಲಿಗೆ ಇಳಿದಿತ್ತು. ತಿದ್ದಿದೆ, ಮತ್ತೆ ಟಕ್. ಹಟ ಹಿಡಿದು ಕೊನೆಯ ಸಾಲಿನವರೆಗೂ ತಿದ್ದಿದೆ. ಆಮೇಲೆ ಸದ್ದಿಲ್ಲ. ಕಾಲಡಿಯ ನೆಲ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

“ಒಳಗ ಯಾರು ನೇಯಾಕತ್ತಾರ ನೇತ್ರಾ?” ಎಂದೆ. ನೇತ್ರಾ ಶಿವಬಸವ್ವನವರ ಸೊಸೆ, ಏಳು ತಿಂಗಳ ಬಸುರಿ; ಕುಬಸ, ಅಂದರೆ ಸೀಮಂತ, ಹತ್ತಿರದಲ್ಲಿತ್ತು.

“ಯಾರೂ ಇಲ್ರಿ. ಅತ್ತಿ ಹೋದಾಗಿಂದ ಕೀಲಿನ ತಗದಿಲ್ಲ. ನನ್ನ ಕುಬಸದ ಸೀರಿ ಸೆರಗು ಮುನ್ನೂರಾ ಹತ್ತನೇ ಎಳಿಗೆ ನಿಂತೈತಿ.” ಅವಳ ಕಣ್ಣು ಪರದೆಯ ಮೇಲೆ ಬಿತ್ತು. “ನಕ್ಷಿ ತಿದ್ದಿಲ್ಲಲ್ರಿ? ದೃಷ್ಟಿ ಆಗಬಾರದಂತ ಅತ್ತಿ ಪ್ರತಿ ಸೆರಗಿನ್ಯಾಗ ಬೇಕಂತನ ಒಂದು ಎಳಿ ತಪ್ಪಸ್ತಿದ್ರು.”

ಕೀಲಿ ತೆಗೆದೆವು. ಸೆರಗು ಮುಗಿದಿತ್ತು.

ನೇತ್ರಾ ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯಿಂದ ಎಳೆ ಎಳೆಯಾಗಿ ಹುಡುಕಿದಳು. ತಪ್ಪಿದ ಎಳೆ ಒಂದೂ ಇರಲಿಲ್ಲ.