ಎಂಟನೇ ಸಾಲಿನ ಬೇರು

ಪೊಲೀಸರ ಗುದ್ದಲಿಗೆ ಮೊದಲು ಸಿಕ್ಕಿದ್ದು ಕೈಮೂಳೆ. ಅದಕ್ಕೆ ಆರು ತಿರುಪು ಹಾಕಿ ಉಕ್ಕಿನ ಪಟ್ಟಿ ಬಿಗಿದಿತ್ತು.

ಸೋಯಾ ಹೊಲದ ಬದುವಿನ ಮೇಲೆ ನಿಂತಿದ್ದ ಅಕ್ಕ ಬಗ್ಗಿ ನೋಡಿದಳು. ಸಂಶೋಧನಾ ಕೇಂದ್ರದಲ್ಲಿ ಹದಿನಾರು ವರ್ಷದಿಂದ ಬೇರು ತೊಳೆದು ಗಂಟು ಎಣಿಸುವ ಕೆಲಸ ಅವಳದ್ದು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಅಕ್ಕ. ನಿಜವಾಗಿ ಹಾಗೆ ಕರೆಯಬೇಕಾದವಳು ಒಬ್ಬಳೇ, ಪುಟ್ಟಿ. ಇದೇ ಕೇಂದ್ರದ ಕಂಪ್ಯೂಟರಿಗೆ ಅಂಕಿ ತುಂಬುತ್ತಿದ್ದ ತಂಗಿ, ಎರಡು ವರ್ಷದ ಹಿಂದೆ ಒಂದು ಸಂಜೆ ಮನೆಗೆ ಬರಲಿಲ್ಲ.

"ಎಡಗೈಯಾ ಸಾರ್?"

"ಎಡಗೈ," ಎಂದರು ಇನ್‌ಸ್ಪೆಕ್ಟರ್.

"ಮೆಟ್ಟಿಲಿಂದ ಬಿದ್ದು ಮುರ್ಕೊಂಡಿದ್ಲು. ಹತ್ತನೇ ಕ್ಲಾಸಲ್ಲಿ."

ಅಕ್ಕ ಬದುವಿನ ಮೇಲೆ ಕೂತಳು. ಪುಟ್ಟಿ ಯಾರ ಜೊತೆಗೋ ಓಡಿಹೋಗಿದ್ದಾಳೆ ಎಂದು ಜನ ಬಾಯಿಗೆ ಬಂದಂತೆ ಆಡಿಕೊಂಡಾಗಲೆಲ್ಲ ಅವಳಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಓಡಿಹೋದವರು ಬದುಕಿರುತ್ತಾರಲ್ಲ. ಒಂದಲ್ಲ ಒಂದು ದಿನ ಬಂದೇ ಬರುತ್ತಾಳೆ ಎಂದು ಎರಡು ವರ್ಷ ಜೀವ ಹಿಡಿದುಕೊಂಡಿದ್ದಳು. ಆ ಆಸೆ ಈಗ ಗುಂಡಿಯಲ್ಲಿ ಬಿದ್ದಿತ್ತು.

ಇನ್‌ಸ್ಪೆಕ್ಟರ್ ಟೋಪಿ ತೆಗೆದರು. ಓಡಿಹೋದ ಕೇಸು ಎಂದು ಫೈಲು ಮುಚ್ಚಿದ್ದು ಅವರೇ.

* * *

"ಇಲ್ಲಿ ಅಗೀಬೇಕು ಅಂತ ನಿಮಗೆ ಹೇಗೆ ಹೊಳೀತು?"

ಅಕ್ಕ ಎರಡು ಗಿಡ ಎತ್ತಿ ತೋರಿಸಿದಳು. ಏಳನೇ ಸಾಲಿನದು ಗಿಡ್ಡ, ಎಲೆ ತಿಳಿಹಸಿರು, ಬೇರಿನ ತುಂಬ ಸಣ್ಣ ಸಣ್ಣ ಗಂಟು. ಎಂಟನೇ ಸಾಲಿನದು ಸೊಂಟದೆತ್ತರ, ಎಲೆ ಕಡುಹಸಿರು. ಬೇರು ಮಾತ್ರ ಬೋಳು.

"ಈ ಗಂಟಿನೊಳಗೆ ಬ್ಯಾಕ್ಟೀರಿಯಾ ಇರ್ತವೆ ಸಾರ್. ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ. ಅವು ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತವೆ. ಒಬ್ಬರಿಗೊಬ್ಬರು ಆಸರೆ. ಈ ಹೊಲಕ್ಕೆ ಇಪ್ಪತ್ತು ವರ್ಷದಿಂದ ಒಂದು ಹಿಡಿ ಗೊಬ್ಬರ ಹಾಕಿಲ್ಲ, ಉತ್ತೂ ಇಲ್ಲ. ಪ್ರಯೋಗದ ಹೊಲ. ಗಂಟಿಲ್ಲದ ಗಿಡ ಇಲ್ಲಿ ಸೊರಗಿ ಹೋಗ್ಬೇಕು."

"ಇದು ಸೊಕ್ಕಿ ಬೆಳೆದಿದೆಯಲ್ಲಮ್ಮ."

"ಅದೇ. ಮಣ್ಣಲ್ಲೇ ಸಾರಜನಕ ಬೇಕಾದಷ್ಟು ಸಿಕ್ರೆ ಗಿಡ ಬ್ಯಾಕ್ಟೀರಿಯಾನ ಒಳಗೇ ಬಿಟ್ಕೊಳ್ಳಲ್ಲ. ಸುಮ್ನೆ ಯಾಕೆ ಸಕ್ಕರೆ ಕೊಡುತ್ತೆ? ಹೆಣ ಕೊಳೆತ್ರೂ ಮಣ್ಣಿಗೆ ಸಾರಜನಕ ಸೇರುತ್ತೆ. ಯಾರೋ ಸತ್ತ ನಾಯಿ ಹೂತಿದ್ದಾರೆ ಅಂದ್ಕೊಂಡು ಅಗೆದೆ. ಚಪ್ಪಲಿ ಸಿಕ್ತು. ನಿಮಗೆ ಫೋನ್ ಮಾಡ್ದೆ."

ಅವಳು ಎಂಟನೇ ಸಾಲಿನ ಗಿಡವನ್ನು ಇನ್ನೂ ಹಿಡಿದೇ ಇದ್ದಳು. ಇನ್‌ಸ್ಪೆಕ್ಟರ್ ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

* * *

ಹತ್ತು ಗಂಟೆಗೆ ಮೇಷ್ಟ್ರು ತರಾತುರಿಯಲ್ಲಿ ಬಂದರು. ಪ್ರಯೋಗಾಲಯದ ಹಿರಿಯ ಸಹಾಯಕ. ಬಂದವರಿಗೆಲ್ಲ ಗಂಟು ಎಣಿಸುವುದನ್ನು ಕಲಿಸಿದ್ದರಿಂದ ಆ ಹೆಸರು. ಪೊರೆಯ ಆಪರೇಷನ್ ಆಗಿ ವಾರವಾಗಿತ್ತು, ಕಣ್ಣಿಗೆ ಕಪ್ಪು ಕನ್ನಡಕ. ಅಕ್ಕನ ತಲೆ ಸವರಿ ಗೊಳೋ ಎಂದು ಅತ್ತರು.

"ಇಲ್ಲಿ ಕೆಲಸಕ್ಕಿದ್ದ ಆ ಡ್ರೈವರನ್ನ ಹಿಡೀರಿ ಸಾರ್," ಎಂದರು. "ಇವಳು ಕಾಣೆಯಾದ ವಾರವೇ ಅವನೂ ಕೆಲಸ ಬಿಟ್ಟ. ಇಲ್ಲ ಅಂದ್ರೆ ಕಾವಲುಗಾರ. ಗೇಟಿನ ಕೀಲಿ ಅವನ ಹತ್ರವೇ ಇರೋದು."

ಕಾವಲುಗಾರ ಕೈಮುಗಿದ. "ನಾನು ಸೇರಿದ್ದೇ ಹೋದ ವರ್ಷ ಸ್ವಾಮಿ." ಕಾಗದಪತ್ರವೂ ಹಾಗೇ ಹೇಳಿತು. ಡ್ರೈವರ್ ಫೋನಿಗೆ ಸಿಕ್ಕ. ಪುಟ್ಟಿ ಕಾಣೆಯಾದ ದಿನದ ಆಚೀಚೆ ಮೂರು ದಿನ ಹೆಂಡತಿಯ ಹೆರಿಗೆಗೆಂದು ದೂರದ ಆಸ್ಪತ್ರೆಯಲ್ಲಿದ್ದ; ಆಸ್ಪತ್ರೆಯವರೂ ಹೌದೆಂದರು.

"ಎರಡು ಸುಳಿವೂ ಕೈಕೊಟ್ಟವು," ಎಂದು ಇನ್‌ಸ್ಪೆಕ್ಟರ್ ನಿಟ್ಟುಸಿರುಬಿಟ್ಟರು. "ಹೋದ ವರ್ಷ ಗಂಟು ಎಣಿಸೋಕೆ ಈ ಸಾಲು ಕಿತ್ತವರು ಯಾರಮ್ಮ? ಅವರ ಕಣ್ಣಿಗೆ ಬೀಳಲಿಲ್ವಾ?"

ಅಕ್ಕ ರಿಜಿಸ್ಟರ್ ತಂದು ಪುಟ ತೆಗೆದಳು. ಎಂಟನೇ ಸಾಲಿನ ಮೇಲೆ ಬೆರಳಿಟ್ಟು ಅದನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿದಳು.

* * *

ಬೇರು ತೊಳೆಯುವ ಕೊಠಡಿಯಲ್ಲಿ ಉದ್ದನೆಯ ಸಿಮೆಂಟ್ ತೊಟ್ಟಿ, ಸಾಲು ನಲ್ಲಿ, ಒದ್ದೆ ನೆಲ. ಇನ್‌ಸ್ಪೆಕ್ಟರ್ ರಿಜಿಸ್ಟರನ್ನು ಮೇಷ್ಟ್ರ ಮುಂದಿಟ್ಟರು. ಹೋದ ವರ್ಷದ ಎಂಟನೇ ಸಾಲು, ಒಂದೊಂದು ಗಿಡದ ಗಂಟು: ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತಮೂರು.

"ನಿಮ್ಮ ಕೈಬರಹ?"

"ಹೌದು."

"ಹೋದ ವರ್ಷ ಈ ಸಾಲಲ್ಲಿ ಗಂಟು ಬಂದಿರೋಕೆ ಸಾಧ್ಯವೇ ಇಲ್ಲ ಮೇಷ್ಟ್ರೇ," ಎಂದಳು ಅಕ್ಕ. "ಪುಟ್ಟಿ ಆಗಲೇ ಕೆಳಗಿದ್ಲು."

"ಈ ವರ್ಷ ಯಾರೋ ಯೂರಿಯಾ ಚೆಲ್ಲಿರ್ಬೇಕು ಕಣಮ್ಮ. ಅದಕ್ಕೇ ಈಗ ಗಂಟಿಲ್ಲ."

"ಹೋದ ವರ್ಷವೂ ಇದು ಹೀಗೇ ಕಡುಹಸಿರಾಗಿತ್ತು. ಕಳೆ ಕಿತ್ತವಳು ನಾನು."

ಮೇಷ್ಟ್ರು ಬೆವರು ಒರೆಸಿಕೊಂಡರು. "ಸರಿ, ಎಣಿಸದೆ ಅಂದಾಜಿಗೆ ಬರೆದೆ. ಸೋಮಾರಿತನ. ಅಷ್ಟಕ್ಕೇ ಕೊಲೆಗಾರ ಅಂತೀರಾ?"

"ಸೊನ್ನೆ ಬರೆದಿದ್ರೆ ಏನಾಗ್ತಿತ್ತು?" ಇನ್‌ಸ್ಪೆಕ್ಟರ್ ಅಕ್ಕನನ್ನು ಕೇಳಿದರು.

"ಕೇಂದ್ರದ ದೊಡ್ಡ ಸಾಹೇಬರು ಆ ಜಾಗ ಅಗೆಸಿ ಮಣ್ಣು ಪರೀಕ್ಷೆ ಮಾಡಿಸ್ತಿದ್ರು. ಅದು ಇಲ್ಲಿಯ ನಿಯಮ."

"ಮಂಡಿನೋವು ಅಂತ ಹತ್ತು ವರ್ಷದಿಂದ ಹೊಲಕ್ಕೇ ಇಳಿದಿಲ್ಲವಂತೆ ನೀವು," ಎಂದರು ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ತಿರುಗಿ. "ನಲವತ್ತು ಸಾಲಲ್ಲಿ ಇದೊಂದನ್ನೇ ಹೋದ ವರ್ಷ ನೀವೇ ಕಿತ್ರಿ. ಈ ವರ್ಷದ ಪಟ್ಟಿಯಲ್ಲೂ ಇದೊಂದರ ಮುಂದೆಯೇ ನಿಮ್ಮ ಹೆಸರಿದೆ. ಸೋಮಾರಿ ಆದವನು ಹುಡುಕಿಕೊಂಡು ಕೆಲಸ ಮೈಮೇಲೆ ಹಾಕ್ಕೊಳ್ತಾನಾ?"

ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿದರು.

"ಈ ವರ್ಷವೂ ಆ ಸಾಲು ನಾನೇ ಕೀಳ್ತೀನಿ, ಕಾದಿರು ಅಂತ ಹೇಳಿದ್ನಲ್ಲ," ಎಂದರು ಮೇಷ್ಟ್ರು, ಅಕ್ಕನ ಮುಖ ನೋಡದೆ.

"ನಿಮ್ಮ ಕಣ್ಣಿಗೆ ತೊಂದರೆ ಆಗ್ಬಾರ್ದು ಅಂತ ಕಿತ್ತೆ."

ಆಮೇಲೆ ಎಲ್ಲ ಹೊರಬಂತು. ಎಣಿಸಿದವರು ಚೀಟಿ ಕೊಡುತ್ತಿದ್ದರು. ಮೇಷ್ಟ್ರು ಸಾಹೇಬರಿಗೆ ಮೆಚ್ಚುಗೆಯಾಗುವಂತೆ ಅಂಕಿ ತಿದ್ದಿ ರಿಜಿಸ್ಟರಿಗೆ ಬರೆಯುತ್ತಿದ್ದರು. ಪುಟ್ಟಿ ಹಳೆಯ ಚೀಟಿ ಹುಡುಕಿ ತಾಳೆ ನೋಡಿದಳು.

"ನಾಳೆ ಸಾಹೇಬರಿಗೆ ಹೇಳಿಬಿಡ್ತೀನಿ ಅಂದ್ಲು. ತಳ್ಳಿದೆ. ಈ ತೊಟ್ಟಿ ಅಂಚಿಗೆ ತಲೆ ಬಡೀತು. ಕೊಲ್ಬೇಕು ಅಂತ ಇರ್ಲಿಲ್ಲ. ಯಾರೂ ಉಳುಮೆ ಮಾಡದ ಜಾಗ ಅದೊಂದೇ..."

"ಎರಡು ವರ್ಷ ನನ್ನ ಪಕ್ಕ ಕೂತು ಊಟ ಮಾಡಿದ್ರಿ," ಎಂದಳು ಅಕ್ಕ. "ಎಲ್ಲೋ ಚೆನ್ನಾಗಿರ್ತಾಳೆ ಬಿಡು ಅಂತ ನೀವೇ ಅಂದ್ರಿ." ಈಗಲೂ ಬಾಯಲ್ಲಿ ಬಹುವಚನವೇ ಬಂತು. ತನ್ನ ನಾಲಿಗೆಯ ಮೇಲೇ ಅವಳಿಗೆ ಅಸಹ್ಯವಾಯಿತು.

ರಿಜಿಸ್ಟರ್ ಮುಚ್ಚುವಾಗ ಇನ್‌ಸ್ಪೆಕ್ಟರ್ ಮೂವತ್ತಮೂರರ ಪಕ್ಕದ ಸಹಿ ನೋಡಿದರು. ಎಣಿಕೆ ಸರಿಯಾಗಿದೆ ಎಂದು ಅಕ್ಕ ಹಾಕಿದ ಸಹಿ. ಇಲ್ಲಿ ಎಲ್ಲರೂ ಹಾಗೇ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ನೋಡದೆ ಸಹಿ ಹಾಕುತ್ತಾರೆ. ಅವರು ಪುಟ ಮುಚ್ಚಿಬಿಟ್ಟರು. ತಾವು ಮುಚ್ಚಿದ ಫೈಲಿನ ಮೇಲೂ ಒಂದು ಸಹಿ ಇತ್ತು.

"ನಿಮ್ಮ ಅಮ್ಮನಿಗೆ ನಾನು ಬಂದು ಹೇಳ್ಲಾ?"

"ಬೇಡ ಸಾರ್."

* * *

ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮನೆಯ ಮಾನ ಕಳೆದಳೆಂದು ಎರಡು ವರ್ಷದಿಂದ ಕಿರಿಮಗಳ ಹೆಸರೆತ್ತಿದವಳಲ್ಲ, ಬೇರೆಯವರಿಗೂ ಎತ್ತಲು ಬಿಟ್ಟವಳಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ದೊಡ್ಡ ಮಗಳನ್ನು ನೋಡಿ ಕೈ ನಿಲ್ಲಿಸಿದಳು.

"ಅಮ್ಮ, ಪುಟ್ಟಿ..." ಎಂದಳು ಅಕ್ಕ.

ಅಮ್ಮ ದಡಬಡ ಎದ್ದಳು. ಕೆದರಿದ ಕೂದಲನ್ನು ಎರಡೂ ಕೈಯಲ್ಲಿ ಸರಿಮಾಡಿಕೊಂಡಳು. ಅಕ್ಕನನ್ನು ಪಕ್ಕಕ್ಕೆ ಸರಿಸಿ, ಬಾಗಿಲಾಚೆ ಖಾಲಿ ಬೀದಿಯ ಕಡೆ ಕತ್ತು ಚಾಚಿದಳು.

"ಯಾಕೆ ಹೊರಗೇ ನಿಲ್ಲಿಸಿದ್ದೀಯೇ ಅವಳನ್ನ? ಒಳಗೆ ಕರಿ. ನಾನೇನೂ ಬಯ್ಯಲ್ಲ ಅಂತ ಹೇಳು."