ಎಲ್ವಿರಾ ಅಜ್ಜಿ ಕೋರ್ಟಿಗೆ ಬಂದ ದಿನ

"ಅಜ್ಜಿ ಇನ್ನೂ ಬಂದಿಲ್ಲ ಅಂದ್ರೆ ಏನಮ್ಮಾ? ಬಂದೇ ಬರ್ತೀನಿ ಅಂದಿದ್ರಲ್ಲ!"

ಕೋರ್ಟಿನ ಬೆಂಚಿನ ಮೇಲೆ ಕೂತಿದ್ದ ನಯೇಲಿಗೆ ರೇಗಿಹೋಗಿತ್ತು. ರೇಗದೆ ಇನ್ನೇನು? ಈ ಚಳಿಗಾಲದಲ್ಲಿ ಮನೆಯ ಹೀಟರ್ ಒಂದು ದಿನವೂ ಬಿಸಿಯಾಗಿಲ್ಲ. ಪುಟ್ಟ ತಮ್ಮ ಬೆತೊ ರಾತ್ರಿಯೆಲ್ಲ ಕೆಮ್ಮುತ್ತಾನೆ. ಅಮ್ಮ ಕೇಸ್ ಹಾಕಿದರೂ ಮನೆ ಮಾಲೀಕನದು ಒಂದೇ ರಾಗ: ಇಡೀ ಕಟ್ಟಡಕ್ಕೆ ಬಿಸಿ ಕೊಡುವ ಬಾಯ್ಲರ್ ಕೆಟ್ಟಿದೆ. ಅವನೇ ಅದನ್ನು ಆಫ್ ಮಾಡಿದ್ದನ್ನು ಕಣ್ಣಾರೆ ಕಂಡವರು ಮೇಲಿನ ಮನೆಯ ಎಲ್ವಿರಾ ಅಜ್ಜಿ ಒಬ್ಬರೇ.

"ಹೊರಗೆ ವಲಸೆ ಬಂದೋರನ್ನ ಹಿಡಿಯೋ ಇಮಿಗ್ರೇಶನ್‌ನೋರು ನಿಂತಿದ್ದಾರೆ ಕಣೇ," ಅಮ್ಮ ಪಿಸುಗುಟ್ಟಿದಳು. "ನಮಗೆ ಈ ದೇಶದಲ್ಲಿರೋಕೆ ಪೇಪರ್ಸ್ ಇದೆ. ಅಜ್ಜಿ ಹತ್ರ ಇಲ್ವಲ್ಲ."

ನಯೇಲಿ ದಡದಡನೆ ಬಾಗಿಲಿಗೆ ಹೋದಳು. ಅಲ್ಲಿ ಕೋರ್ಟಿನ ಪೊಲೀಸ್ ಡಕೆಟ್ ನಿಂತಿದ್ದರು.

"ಸರ್, ಕೋರ್ಟಿಗೆ ಬಂದವ್ರನ್ನ ಹಿಡಿಯೋ ಹಾಗಿಲ್ಲ ತಾನೇ?"

"ಇಲ್ಲಮ್ಮ. ಬರೋವಾಗ್ಲೂ ಇಲ್ಲ, ಹೋಗೋವಾಗ್ಲೂ ಇಲ್ಲ. ಹಿಡಿಯೋಕೆ ಜಡ್ಜ್ ಆರ್ಡರ್ ಬೇಕು. ನಮ್ಮ ನ್ಯೂಯಾರ್ಕ್ ರಾಜ್ಯದ ಕಾನೂನು ಅದು."

"ಮತ್ತೆ ಅವ್ರು?"

"ಅವ್ರು ವಾಷಿಂಗ್ಟನ್ ಸರ್ಕಾರದೋರು. ರಾಜ್ಯದ ಕಾನೂನು ನಮ್ಮನ್ನ ಕಟ್ಟಿಹಾಕಲ್ಲ ಅಂತಾರೆ. ಆ ಜಗಳ ದೊಡ್ಡ ಕೋರ್ಟಲ್ಲಿದೆ."

"ಅದು ಮುಗಿಯೋವರೆಗೂ ನಾವು ನಡುಗ್ತಾ ಕೂರ್ಬೇಕಾ? ದೊಡ್ಡೋರಾಗಿ ನೀವೇ ಹಿಂಗೆ ಕಿತ್ತಾಡಿದ್ರೆ ಹೆಂಗೆ ಸರ್?"

ಡಕೆಟ್ ಬಾಗಿಲು ತೆರೆದು ಹಿಡಿದರು.

ನಯೇಲಿ ಹೊರಗೆ ಓಡಿದಳು. ಮುಖ ಮುಚ್ಚಿಕೊಂಡ ಇಬ್ಬರು ಕಾರಿಗೆ ಒರಗಿ ನಿಂತಿದ್ದರು. ರಸ್ತೆಯ ಆಚೆ, ಬಸ್ ಸ್ಟಾಪಿನಲ್ಲಿ, ಚರ್ಚಿಗೆ ಹಾಕುವ ಒಳ್ಳೆಯ ಕೋಟು ತೊಟ್ಟ ಎಲ್ವಿರಾ ಅಜ್ಜಿ! ಬಂದಿದ್ದರು, ಆದರೆ ರಸ್ತೆ ದಾಟಿರಲಿಲ್ಲ.

"ಬನ್ನಿ ಅಜ್ಜಿ, ಬೇಗ! ಈಗ ನಮ್ಮ ಕೇಸ್ ಕರೀತಾರೆ. ನೀವು ಹೇಳ್ದಿದ್ರೆ ನಾವು ಸೋತ್ವಿ. ನಿಮ್ಮನ್ನ ಹಿಡಿಯೋ ಹಾಗಿಲ್ವಂತೆ, ಕಾನೂನಿದೆಯಂತೆ!" ನಯೇಲಿ ಅವರ ಕೈ ಹಿಡಿದು ಜಗ್ಗಿದಳು.

"ನೀನು ಹೇಳಿದ್ರೆ ಬರ್ತೀನಿ ಮಗಳೇ. ಆ ಕಾನೂನನ್ನ ಅವ್ರೂ ಒಪ್ಪಿದ್ದಾರಾ?"

ಹೂಂ ಅಂದಿದ್ದರೆ ಸಾಕಿತ್ತು. ಅಜ್ಜಿ ನಂಬಿ ಬಂದುಬಿಡುತ್ತಿದ್ದರು. ನಯೇಲಿ ಬಾಯಿ ತೆರೆದಳು. ಅಜ್ಜಿ ರಸ್ತೆ ದಾಟಲು ಒಂದು ಕಾಲು ಮುಂದಿಟ್ಟರು.

"ಇಲ್ಲ ಅಜ್ಜಿ. ಒಪ್ಪಿಲ್ಲ."

ಬಸ್ ಬಂತು. ಅಜ್ಜಿ ಕೋರ್ಟಿನ ಕಡೆ ನೋಡುತ್ತಲೇ ನಿಂತರು. ನಯೇಲಿಯೇ ಅವರನ್ನು ಬಸ್ ಹತ್ತಿಸಿದಳು.

ಒಳಗೆ ಬಂದಾಗ ಅಮ್ಮ ಎದ್ದು ನಿಂತಿದ್ದಳು. "ಸಿಕ್ಕಿದ್ರಾ?"

"ಬಂದಿದ್ರಮ್ಮ. ನಾನೇ ಮನೆಗೆ ಕಳಿಸ್ದೆ."

ಕೋರ್ಟ್ ಹಾಲಿನ ಒಳಗಿನಿಂದ ಅಮ್ಮನ ಹೆಸರು ಕೂಗಿದರು.

"ಇವತ್ತು ಬೆತೊ ನನ್ನ ಹತ್ರಾನೇ ಮಲಗ್ಲಿ," ಎಂದಳು ನಯೇಲಿ. "ನನ್ನ ಕಂಬಳಿ ಅವ್ನಿಗೇ ಹೊದಿಸ್ತೀನಿ."