ಕೆಂಪು ಕಂಡರೆ ಹೆಣ್ಣು

ಕತ್ತಲೆ ಕೋಣೆಯಲ್ಲಿ ಹುಲಿಗೆವ್ವ ಒಂದೊಂದೇ ಮೊಟ್ಟೆಯನ್ನು ದೀಪದ ಬಾಯಿಗೆ ಹಿಡಿಯುತ್ತಿದ್ದಳು. ಕೆಂಪಗೆ ಹೊಳೆದರೆ ಬಲಗಡೆಯ ತಟ್ಟೆಗೆ, ಬೆಳ್ಳಗೆ ಉಳಿದರೆ ಎಡಗಡೆಯ ತಟ್ಟೆಗೆ. ಕೆಂಪು ಎಂದರೆ ಹ್ಯಾಟೆ, ಬಿಳಿ ಎಂದರೆ ಹುಂಜ. ಕಾವಿಗಿಟ್ಟು ನಾಲ್ಕೇ ದಿನವಾಗಿತ್ತು. ಒಳಗಿನ ಜೀವ ಹೆಸರುಕಾಳಿನಷ್ಟೂ ಇರಲಿಲ್ಲ. ಆದರೂ ಅದರ ಗುಟ್ಟು ಬಯಲಾಗುತ್ತಿತ್ತು.

ಕುಷ್ಟಗಿ ಬದಿಯ ಆ ಮರಿಕೇಂದ್ರದಲ್ಲಿ ಮೊದಲು ಹೀಗಿರಲಿಲ್ಲ. ಇಪ್ಪತ್ತೊಂದು ದಿನ ಕಾದು, ಮರಿ ಹೊರಬಂದ ಮೇಲೆ ಬಾಲದಡಿ ನೋಡಿ ಬೇರೆ ಮಾಡುತ್ತಿದ್ದರು. ಮೊಟ್ಟೆ ಇಡದ ಹುಂಜದ ಮರಿ ಯಾರಿಗೆ ಬೇಕು? ಅಂದೇ ಕೊಲ್ಲುತ್ತಿದ್ದರು. ಚಿಂವ್ ಚಿಂವ್ ಎನ್ನುವ ಆ ಬುಟ್ಟಿಗಳನ್ನು ಹೊತ್ತು ಹಾಕುತ್ತಿದ್ದವಳು ಹುಲಿಗೆವ್ವನೇ. ಅಂಥ ದಿನ ಅವಳು ರೊಟ್ಟಿಯ ಗಂಟನ್ನು ಬಿಚ್ಚದೆ ಮನೆಗೆ ವಾಪಸು ಒಯ್ಯುತ್ತಿದ್ದಳು. ಹಾಗಾಗಿ ವಿಜ್ಞಾನಿ ಡಾ. ನಳಿನಾಕ್ಷಿ ತಮ್ಮ ‘ಲಿಂಗವರ್ಣ ತಳಿ’ಯನ್ನು ತಂದು ಆ ಕೊಲೆ ನಿಲ್ಲಿಸಿದಾಗ ಅವಳು ಅವರನ್ನು ಮನಸ್ಸಿನಲ್ಲೇ ಜಗುಲಿಯ ದೇವರ ಪಕ್ಕ ಕೂರಿಸಿದ್ದಳು.

“ಕೆಂಪು ಹುಂಜಕ್ಕೆ ಬಿಳಿ ಹ್ಯಾಟೆ ಕೂಡಿಸಿದರೆ ಮಗಳು ಅಪ್ಪನ ಬಣ್ಣ ಹೊತ್ತು ಬರ್ತಾಳೆ, ಮಗ ಅಮ್ಮನ ಬಣ್ಣ,” ಎಂದು ನಳಿನಾಕ್ಷಿ ಮೊದಲ ದಿನವೇ ವಿವರಿಸಿದ್ದರು. “ಇದು ಹಳೇ ಸಂಗತಿ. ಗರಿ ಮೂಡುವ ತನಕ ಕಾಯದೆ, ಮೊಟ್ಟೆಯೊಳಗೇ ಆ ಬಣ್ಣ ಕಾಣೋ ಹಾಗೆ ನಾವು ಕೋಳಿಯ ವಂಶವಾಹಿಯನ್ನ ತಿದ್ದಿದ್ದೇವೆ.”

“ಒಟ್ಟಿನ್ಯಾಗ ಕೆಂಪು ಕಂಡ್ರ ಹೆಣ್ಣು ಅನ್ರಿ, ಮೇಡಂ.”

“ಅಷ್ಟು ತಿಳಿದ್ರೆ ಸಾಕು,” ಎಂದು ಅವರು ನಕ್ಕಿದ್ದರು. ಅಷ್ಟು ಸಾಲದೆಂದು ಆ ಪಂಡಿತೆಗೂ ಹೊಳೆಯಲಿಲ್ಲ, ಅದೇ ನಮ್ಮ ಕರ್ಮ.

ಹುಲಿಗೆವ್ವನಿಗೆ ಗಂಡನಿಲ್ಲ, ಇದ್ದವಳು ಮಗಳು ಕಸ್ತೂರಿ ಒಬ್ಬಳೇ. ಕಸ್ತೂರಿಗೆ ಒಂದು ಹೆಣ್ಣು ಕೂಸಿತ್ತು, ಈಗ ಮತ್ತೆ ಐದು ತಿಂಗಳು. ಅಕ್ಕನಿಗೊಬ್ಬ ತಂಗಿ ಇರಲಿ ಎಂದು ಹುಲಿಗೆವ್ವನ ಆಸೆ. ಒಡಹುಟ್ಟಿದವರಿಲ್ಲದೆ ಬೆಳೆದವಳು ಅವಳು, ಆ ಕೊರಗು ಅವಳಿಗೇ ಗೊತ್ತು. ಆದರೆ ಆ ಕಾಲಕ್ಕೆ ಸ್ಕ್ಯಾನಿಂಗ್ ಯಂತ್ರಗಳ ಮೇಲೆ ಸರ್ಕಾರದ ಕಣ್ಣು ಎಷ್ಟು ಬಿಗಿಯಾಗಿತ್ತೆಂದರೆ, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಯಾವ ಡಾಕ್ಟರೂ ತುಟಿ ಬಿಚ್ಚುತ್ತಿರಲಿಲ್ಲ.

ಐದನೇ ತಿಂಗಳಲ್ಲಿ ತವರಿನವರು ಸದ್ದುಗದ್ದಲವಿಲ್ಲದೆ ಹೋಗಿ, ಬಸುರಿಗೆ ಹೊಸ ರವಿಕೆ ತೊಡಿಸಿ ಕಳ್ಳ ಕುಬಸ ಮಾಡುವುದು ಆ ಕಡೆಯ ಪದ್ಧತಿ. ಹುಲಿಗೆವ್ವ ಹಸಿರು ಕುಬಸ, ಹೋಳಿಗೆ ಕಟ್ಟಿಕೊಂಡಳು. ಜೊತೆಗೆ ಮರಿಕೇಂದ್ರದ ಕೈದೀಪವೊಂದನ್ನೂ ಚೀಲಕ್ಕೆ ಹಾಕಿಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆತುರ.

ಮಧ್ಯಾಹ್ನ ಬೀಗರ ಅಡುಗೆಮನೆಯ ಕದ ಮುಂದಕ್ಕೆಳೆದು, ಮಗಳ ಹೊಟ್ಟೆಗೆ ದೀಪವನ್ನು ಒತ್ತಿ ಹಿಡಿದಳು. ದೀಪದ ಸುತ್ತ ಚರ್ಮ ಕೆಂಪಗೆ ಬೆಳಗಿತು.

“ಹೆಣ್ಣೈತಿ ಕಸ್ತೂರೀ! ನೋಡವಾ, ಎಷ್ಟ್ ಕೆಂಪಗೈತಿ,” ಎಂದು ಮಗಳ ಗಲ್ಲ ಹಿಡಿದು ಅತ್ತೇಬಿಟ್ಟಳು. ಕಸ್ತೂರಿಯೂ ನಾಚಿ ನಕ್ಕಳು.

ಕದ ಸರಿಸಿ ಬಂದ ಬೀಗತಿ ನೀರಿನ ಕೊಡ ಇಳಿಸಿ ನಿಧಾನಕ್ಕೆ ಕೇಳಿದಳು: “ಈ ದೀಪ ತಪ್ಪತೈತೇನ್ರಿ?”

ಹುಲಿಗೆವ್ವ ಬೀಗಿದಳು. “ಲಕ್ಷ ತತ್ತಿ ನೋಡೀನ್ರಿ. ಒಂದೂ ತಪ್ಪಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂಬತ್ತನೇ ದಿನ ಅಳಿಯ ಕಸ್ತೂರಿಯನ್ನು ಬಾಗಿಲಲ್ಲಿ ಬಿಟ್ಟು, ನೀರೂ ಕುಡಿಯದೆ ಹೋದ. ತಪಾಸಣೆ ಎಂದು ಯಾವುದೋ ಊರಿಗೆ ಕರೆದೊಯ್ದು, ಬಸಿರು ತೆಗೆಸಿ ತಂದಿದ್ದರು. ಕಸ್ತೂರಿಯ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ.

ಮರುದಿನ ಹುಲಿಗೆವ್ವ ದೀಪವನ್ನು ನಳಿನಾಕ್ಷಿಯವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. “ಇದು ಖರೇ ಹೇಳಿದ್ದಕ್ಕ ನನ್ನ ಮಮ್ಮಗಳು ಹೋತ್ರಿ. ಇದನ್ನ ನಾ ಇನ್ನ ಮುಟ್ಟಂಗಿಲ್ಲ.”

ನಳಿನಾಕ್ಷಿ ದೀಪವನ್ನು ಕೈಗೆತ್ತಿಕೊಂಡರು. ಆಮೇಲೆ ಎದ್ದು ಕಿಟಕಿ ಮುಚ್ಚಿದರು. ದೀಪ ಹಚ್ಚಿ ತಮ್ಮ ಅಂಗೈಯನ್ನು ಅದರ ಬಾಯಿಗಿಟ್ಟರು. ಬೆರಳುಗಳ ಸಂದೆಲ್ಲ ಕೆಂಪು. ಹುಲಿಗೆವ್ವನ ಕೈ ಹಿಡಿದಿಟ್ಟರು. ಅದೂ ಕೆಂಪು.

ಮೂರು ವರ್ಷ ದೀಪ ಹಿಡಿದವಳು ಹುಲಿಗೆವ್ವ. ಆದರೆ ಮರಿಕೇಂದ್ರದಲ್ಲಿ ದಪ್ಪನೆಯ ಕರಿ ಕೈಗವಸು ತೊಡದೆ ಮೊಟ್ಟೆ ಮುಟ್ಟುವಂತಿಲ್ಲ. ಬರಿಗೈಯ ಮೇಲೆ ಆ ಬೆಳಕು ಬಿದ್ದದ್ದನ್ನು ಅವಳು ಇಂದೇ ಕಂಡದ್ದು.

“ನನ್ನ ಗಂಡನ ಕೈ ಇಟ್ಟರೂ ಕೆಂಪೇ,” ಎಂದರು ನಳಿನಾಕ್ಷಿ. “ಮನುಷ್ಯರ ಮೈಗೆ ಯಾವ ದೀಪ ಹಿಡಿದರೂ ಕಾಣೋದು ರಕ್ತ. ಈ ದೀಪಕ್ಕೆ ಏನೂ ಗೊತ್ತಿಲ್ಲಮ್ಮ. ವಿದ್ಯೆ ಇದ್ದದ್ದು ಕೋಳಿಯೊಳಗೆ. ಅದನ್ನ ನಾನು ಬಿಡಿಸಿ ಹೇಳಬೇಕಿತ್ತು.”

ಹುಲಿಗೆವ್ವ ಅವರನ್ನು ಬೈಯಲಿಲ್ಲ. ಎದೆಯಲ್ಲಿ ಬೈಗುಳ ಹುಟ್ಟುವುದಕ್ಕೂ ಜಾಗವಿರಲಿಲ್ಲ.

ಮನೆಯಲ್ಲಿ ಕಸ್ತೂರಿ ಗೋಡೆಗೊರಗಿ ಅಳುತ್ತಿದ್ದಳು. ಆ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ; ಹೋದವರನ್ನು ಕರೆದು, ಅವರೊಡನೆ ಮಾತಾಡುತ್ತ, ಹಾಡಿಕೊಂಡು ಅಳುತ್ತಾರೆ. “ನನ್ನ ಮಗಳ, ನಿನ್ನಕ್ಕನ ಲಂಗ ತೆಗೆದಿಟ್ಟಿದ್ದೆನಲ್ಲ, ನನ್ನವ್ವಾ...” ಎಂದು ಎರಡು ದಿನದಿಂದ ಅದೇ ರಾಗ.

ಹೇಳದೆ ಇರಬಹುದಿತ್ತು. ಆದರೆ ಆ ಅಳುವನ್ನು ಕೇಳುತ್ತ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಂದಾಗಲಿಲ್ಲ. ಮಗಳ ಎದುರು ಕುಳಿತು, ಅಂಗೈ ಕೆಂಪಾದದ್ದನ್ನು ಹೇಳಿದಳು. “ಅದು ಹೆಣ್ಣಂತ ಹೇಳಿದಾಕಿ ನಾನಽ. ದೀಪ ಅಲ್ಲ. ನನ್ನ ಆಸೆ ಹಂಗ ಆಡಿಸ್ತು.”

ಕಸ್ತೂರಿಯ ರಾಗ ನಡುವೆಯೇ ನಿಂತಿತು.

“ಹಂಗಾರ ಅದು ಏನಿತ್ತವ್ವಾ?”

“ಅಲ್ಲಿ ಯಾರೂ ನೋಡಿ ಹೇಳ್ಲಿಲ್ಲೇನು?”

“ಯಾಕ ಹೇಳ್ತಾರ? ಎಲ್ಲಾರಿಗೂ ಗೊತ್ತಾಗೇತಿ ಅಂದ್ಕೊಂಡಿದ್ವಿ. ನಾನೂ ಕೇಳ್ಲಿಲ್ಲ.” ಕಸ್ತೂರಿ ಸೆರಗಿನಿಂದ ಬಾಯಿ ಒರೆಸಿಕೊಂಡು ತಾಯಿಯ ಮುಖವನ್ನೇ ನೋಡಿದಳು. “ಇನ್ನ ಮ್ಯಾಲ ಏನಂತ ಕರದು ಅಳ್ಲಿ, ಅವ್ವಾ?”

ಹುಲಿಗೆವ್ವ ಬಾಯಿ ತೆರೆದಳು. ಮಗಳು ಎನ್ನಲಾಗಲಿಲ್ಲ, ಮಗ ಎನ್ನಲಾಗಲಿಲ್ಲ. ಏನೆಂದು ಕರೆಯುವುದೋ ತಿಳಿಯದ ಮೇಲೆ ಆ ಮನೆಯಿಂದ ಹಾಡಿಕೊಂಡು ಅಳುವ ಸದ್ದು ಯಾರಿಗೂ ಕೇಳಲಿಲ್ಲ.